ಅಣಬೆ ಹಲಗೆಯನ್ನು ಹಲಗೆಯೆಂದೇ ಪರೀಕ್ಷಿಸಲಿ

ಸಂಪಾದಕರಿಗೆ,

ಮಾನ್ಯರೇ,

ಮರದ ಹುಡಿಯನ್ನೂ ಚಕ್ಕೆಗಳನ್ನೂ ರಾಸಾಯನಿಕ ಅಂಟಿನ ಬದಲಿಗೆ ಅಣಬೆಯ ಕವಕಜಾಲದಿಂದ, ಅಂದರೆ ಅಣಬೆ ಮೇಲಕ್ಕೆ ತಲೆಯೆತ್ತುವ ಮೊದಲು ಒಳಗೊಳಗೇ ಹಬ್ಬುವ ಬಿಳಿಯ ಎಳೆಗಳ ಹೆಣಿಗೆಯಿಂದ, ಬೆಸೆದು ಹಲಗೆ ತಯಾರಿಸುವ ಪ್ರಯತ್ನಗಳ ಕುರಿತು ಪತ್ರಿಕೆಗಳಲ್ಲಿ ಆಗಾಗ ಬರಹಗಳು ಪ್ರಕಟವಾಗುತ್ತಿವೆ. ಬಹುಪಾಲು ಬರಹಗಳು ಒಂದೇ ಜಾಡಿನಲ್ಲಿ ಸಾಗುತ್ತವೆ: ಈಗಿನ ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡುಗಳು (ಮರದ ಚೂರುಗಳನ್ನು ಅಂಟಿನಿಂದ ಒತ್ತಿದ ಹಲಗೆಗಳು) ವಿಷಾನಿಲ ಸೂಸುತ್ತವೆ, ಅಣಬೆ ಪ್ರಕೃತಿಯ ಕೊಡುಗೆ, ಆದ್ದರಿಂದ ನಾಳಿನ ಪೀಠೋಪಕರಣವೆಲ್ಲ ಅಣಬೆಯದೇ. ಮೊದಲ ಮಾತಿನಲ್ಲಿ ಸಾಕಷ್ಟು ಸತ್ಯವಿದೆ, ಎರಡನೆಯದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಮೂರನೆಯದು ಇವೆರಡರಿಂದ ತಾನಾಗಿ ಹೊರಡುವುದಿಲ್ಲ. ಕವಕಜಾಲವನ್ನು ಅಂಟೆಂದು ಕರೆಯುವುದಾದರೆ ಅದನ್ನು ಅಂಟಿಗೆ ಕೇಳುವ ಪ್ರಶ್ನೆಗಳಿಂದಲೇ ಪರೀಕ್ಷಿಸಬೇಕು: ಮರಕ್ಕೆ ಅದು ಎಷ್ಟು ಬಲ ಕೊಟ್ಟಿತು, ಆ ಬಲಕ್ಕೆ ಪ್ರತಿಯಾಗಿ ಮರದಿಂದ ಎಷ್ಟನ್ನು ಕಿತ್ತುಕೊಂಡಿತು, ಅದಕ್ಕೆ ಹಿಡಿದ ಕಾಲವೆಷ್ಟು. ಈ ಪ್ರಶ್ನೆಗಳು ವರದಿಗಳಲ್ಲಿ ಕಾಣಿಸದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈಗಿನ ಅಂಟಿನ ದೋಷವೇನೆಂಬುದನ್ನು ಮೊದಲು ಸರಿಯಾಗಿ ಗುರುತಿಸಿಕೊಳ್ಳುವುದು ಒಳ್ಳೆಯದು. ಒಳಾಂಗಣದಲ್ಲಿ ಬಳಸುವ ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. (ಮರದ ನಾರನ್ನು ಒತ್ತಿದ ಹಲಗೆ) ಮತ್ತು ಸಾಮಾನ್ಯ ಪ್ಲೈವುಡ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಯೂರಿಯಾ ಫಾರ್ಮಾಲ್ಡಿಹೈಡ್ ರಾಳ. ಅದು ಅಗ್ಗ, ಬಣ್ಣವಿಲ್ಲದ್ದು, ಬಿಸಿ ಪ್ರೆಸ್ಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವಂಥದ್ದು. ಆದರೆ ಅದರ ರಾಸಾಯನಿಕ ಬಂಧಗಳು ತೇವ ಮತ್ತು ಶಾಖ ಸೇರಿದಾಗ ಬಿಚ್ಚಿಕೊಳ್ಳುತ್ತವೆ. ಹಾಗೆ ಬಿಚ್ಚಿಕೊಂಡಾಗಲೆಲ್ಲ ಫಾರ್ಮಾಲ್ಡಿಹೈಡ್ ಹೊರಗೆ ಬರುತ್ತದೆ. ಹೊಸ ಹಲಗೆಯಿಂದ ಮೊದಲ ತಿಂಗಳುಗಳಲ್ಲಿ ಬರುವ ಕಟುವಾಸನೆ ಕಡಿಮೆಯಾದ ಮೇಲೂ, ಬೇಸಿಗೆಯ ಸೆಕೆಯಲ್ಲೋ ಒದ್ದೆ ಗೋಡೆಯ ಪಕ್ಕದಲ್ಲೋ ಅದೇ ಹಲಗೆ ವರ್ಷಗಟ್ಟಲೆ ಅನಿಲ ಬಿಡುತ್ತಿರಲು ಕಾರಣ ಇದೇ. ಫೀನಾಲ್ ಫಾರ್ಮಾಲ್ಡಿಹೈಡ್ ರಾಳದ ಸಂಗತಿ ಬೇರೆ; ಅದರ ಬಂಧಗಳು ನೀರಿಗೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಹೊರಾಂಗಣದ ಪ್ಲೈವುಡ್ ಸೂಸುವ ಅನಿಲ ಬಹಳ ಕಡಿಮೆ. ಹೆಸರಿನಲ್ಲಿ ಫಾರ್ಮಾಲ್ಡಿಹೈಡ್ ಇದೆಯೆಂಬ ಒಂದೇ ಕಾರಣಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವ ಬರಹಗಳು ಓದುಗರನ್ನು ದಾರಿ ತಪ್ಪಿಸುತ್ತವೆ.

ಈ ಅನಿಲದ ಅಪಾಯವನ್ನು ಯಾರೂ ಹಗುರವಾಗಿ ಪರಿಗಣಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಳಾಂಗಣದ ಗಾಳಿಯಲ್ಲಿ ಅದರ ಪ್ರಮಾಣ, ಅರ್ಧ ಗಂಟೆಯ ಸರಾಸರಿಯಲ್ಲಿ, ಪ್ರತಿ ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದೆಂದು ಹೇಳಿತು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ನೆಲೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಟ್ರೇಲರ್ ಮನೆಗಳಲ್ಲಿ ಜನ ಕಣ್ಣುರಿ, ಉಸಿರಾಟದ ತೊಂದರೆಗಳೆಂದು ದೂರಿದರು. ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2007ರ ಕೊನೆ ಮತ್ತು 2008ರ ಆರಂಭದಲ್ಲಿ 519 ಮನೆಗಳ ಗಾಳಿಯನ್ನು ಪರೀಕ್ಷಿಸಿದಾಗ ಗಾಳಿಯ ನೂರು ಕೋಟಿ ಭಾಗಗಳಲ್ಲಿ ಸರಾಸರಿ 77 ಭಾಗ, ಕೆಲವೆಡೆ 590 ಭಾಗದವರೆಗೂ ಫಾರ್ಮಾಲ್ಡಿಹೈಡ್ ಕಂಡುಬಂತು. ಅದೂ ಚಳಿಗಾಲದ ಅಳತೆ. ಸಣ್ಣ ಜಾಗ, ಕಡಿಮೆ ಗಾಳಿಯಾಟ, ಸುತ್ತಲೂ ಅಗ್ಗದ ಹಲಗೆ ಇವು ಮೂರೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣದ ಸಾಕ್ಷ್ಯ ಬೇಕಿಲ್ಲ.

ಆದರೆ ಆ ಬಳಿಕ ಹಲಗೆಗಳು ಅಲ್ಲೇ ನಿಂತಿಲ್ಲ. ಅಮೆರಿಕದಲ್ಲಿ ಈಗ ಗಟ್ಟಿಮರದ ಪ್ಲೈವುಡ್ಡಿಗೆ ಹತ್ತು ಲಕ್ಷಕ್ಕೆ 0.05 ಭಾಗ, ಪಾರ್ಟಿಕಲ್ ಬೋರ್ಡಿಗೆ 0.09, ಎಂ.ಡಿ.ಎಫ್.ಗೆ 0.11 ಭಾಗದ ಮಿತಿ ಇದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಹೊರಡಿಸಿದ ನಿಯಮದ ಪ್ರಕಾರ 2026ರ ಆಗಸ್ಟಿನಿಂದ ಪೀಠೋಪಕರಣ ಮತ್ತು ಮರದ ಉತ್ಪನ್ನಗಳ ಮಿತಿ ಪ್ರತಿ ಘನ ಮೀಟರಿಗೆ 0.062 ಮಿಲಿಗ್ರಾಂ. ರಾಳದಲ್ಲಿ ಫಾರ್ಮಾಲ್ಡಿಹೈಡಿನ ಪಾಲನ್ನು ತಗ್ಗಿಸಿ, ಮೆಲಮಿನ್ ಬೆರೆಸಿ, ಅನಿಲವನ್ನು ಹೀರುವ ಪದಾರ್ಥಗಳನ್ನು ಸೇರಿಸಿ ಕಾರ್ಖಾನೆಗಳು ಈ ಮಿತಿಗಳನ್ನು ತಲುಪುತ್ತಿವೆ. ಅಣಬೆಯ ಹಲಗೆ ಸ್ಪರ್ಧಿಸಬೇಕಿರುವುದು ಈ ಸುಧಾರಿತ ಹಲಗೆಯೊಂದಿಗೆ. ಮೂವತ್ತು ವರ್ಷಗಳ ಹಿಂದಿನ ಹಲಗೆಯನ್ನು ಎದುರಿಗಿಟ್ಟು ಗೆಲುವನ್ನು ಘೋಷಿಸುವುದು ನ್ಯಾಯವಲ್ಲ. ಹಾಗೆಯೇ, ಯಾವ ಅಂಟೂ ಇಲ್ಲದ ಹಸಿ ಮರವೂ ಅತ್ಯಲ್ಪ ಪ್ರಮಾಣದಲ್ಲಿ ಫಾರ್ಮಾಲ್ಡಿಹೈಡ್ ಸೂಸುತ್ತದೆ, ಬಿಸಿ ಮಾಡಿದಾಗ ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ಅಣಬೆಯ ಹಲಗೆಯ ಬಗ್ಗೆಯೂ ಶೂನ್ಯವೆಂದು ಬರೆಯುವ ಬದಲು ಪರೀಕ್ಷಾ ಕೋಣೆಯಲ್ಲಿ ಅಳೆದ ಅಂಕಿಯನ್ನೇ ಕೊಡುವುದು ಸರಿ.

ಇನ್ನು ಕವಕಜಾಲ ಬೆಸೆಯುವ ಬಗೆ. ಶಿಲೀಂಧ್ರದ ಎಳೆಯೊಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡರಿಂದ ಹತ್ತು ಭಾಗದಷ್ಟು ಮಾತ್ರ ದಪ್ಪ. ಅದರ ತುದಿ ಕಿಣ್ವಗಳನ್ನು ಸ್ರವಿಸುತ್ತಾ ಮರದ ಕಣದೊಳಗೆ ಇಳಿಯುತ್ತದೆ, ಹೊರಬಂದು ಪಕ್ಕದ ಕಣವನ್ನು ಹಿಡಿಯುತ್ತದೆ, ಕವಲೊಡೆಯುತ್ತದೆ, ತನ್ನದೇ ಬೇರೆ ಎಳೆಗಳನ್ನು ಸಂಧಿಸಿ ಕೂಡಿಕೊಳ್ಳುತ್ತದೆ. ಎಳೆಯ ಗೋಡೆಯಲ್ಲಿ ಕೈಟಿನ್, ಗ್ಲುಕಾನ್ ಮತ್ತು ಪ್ರೋಟೀನುಗಳಿವೆ. ಹೊರಮೈಯಲ್ಲಿ ನೀರನ್ನು ದೂರವಿಡುವ ಹೈಡ್ರೋಫೋಬಿನ್ ಎಂಬ ಪ್ರೋಟೀನುಗಳಿವೆ. ತಯಾರಿಕೆಯ ಕ್ರಮ ಅಣಬೆ ಬೇಸಾಯ ಬಲ್ಲವರಿಗೆ ಹೊಸದಲ್ಲ. ಮರದ ಹುಡಿಯನ್ನು ನೆನೆಸಿ, ಆವಿಯಲ್ಲಿ ಬೇಯಿಸಿ ಬೇರೆ ಸೂಕ್ಷ್ಮಜೀವಿಗಳನ್ನು ಕೊಂದು, ತಣಿದ ಮೇಲೆ ಅಣಬೆ ಬೀಜ ಬೆರೆಸಿ, ಅಚ್ಚಿನಲ್ಲಿ ತುಂಬಿ, ಸುಮಾರು 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕತ್ತಲಲ್ಲಿ ಒಂದರಿಂದ ಮೂರು ವಾರ ಬಿಡುತ್ತಾರೆ. ಎಳೆಗಳು ಎಲ್ಲವನ್ನೂ ಬಿಳಿಯಾಗಿ ಆವರಿಸಿದ ಮೇಲೆ ಒಣಗಿಸಿ, ಶಾಖ ಕೊಟ್ಟು ಶಿಲೀಂಧ್ರವನ್ನು ಕೊಲ್ಲುತ್ತಾರೆ. ಕೊನೆಯ ಈ ಹೆಜ್ಜೆ ತಪ್ಪಿದರೆ ಬೆಳವಣಿಗೆ ನಿಲ್ಲುವುದಿಲ್ಲ.

ಇಲ್ಲಿಯೇ ವಿಷಯದ ತಿರುಳಿದೆ. ಬೇರೆ ಯಾವ ಅಂಟೂ ತಾನು ಬೆಸೆಯುವ ವಸ್ತುವನ್ನು ತಿಂದು ಬದುಕುವುದಿಲ್ಲ, ಕವಕಜಾಲ ತಿನ್ನುತ್ತದೆ. ಗೋಡೆ ಕಟ್ಟಲು ಬಂದ ಗಾರೆಯವನು ಇಟ್ಟಿಗೆಗಳನ್ನೇ ಕಡಿದು ತಿನ್ನುತ್ತಾ ಗೋಡೆ ಏರಿಸಿದ ಹಾಗೆ. ಬೆಳೆಯಲು ಹೆಚ್ಚು ದಿನ ಬಿಟ್ಟಷ್ಟೂ ಎಳೆಗಳ ಹೆಣಿಗೆ ದಟ್ಟವಾಗುತ್ತದೆ, ಅದೇ ಹೊತ್ತಿಗೆ ಮರದ ತೂಕವೂ ಬಲವೂ ಇಳಿಯುತ್ತವೆ. ಬೇಗ ನಿಲ್ಲಿಸಿದರೆ ಮರ ಗಟ್ಟಿಯಾಗಿಯೇ ಉಳಿಯುತ್ತದೆ, ಆದರೆ ಹಿಡಿತ ಸಾಲುವುದಿಲ್ಲ. ಈ ಎರಡರ ನಡುವೆ ಒಂದು ಸರಿಯಾದ ದಿನವಿದೆ. ಆ ದಿನ ಯಾವುದೆಂಬುದು ಮರದ ಜಾತಿ, ಕಣದ ಗಾತ್ರ, ತೇವಾಂಶ, ಶಾಖ, ಗಾಳಿಯಾಟ, ಶಿಲೀಂಧ್ರದ ತಳಿ ಇವೆಲ್ಲವನ್ನೂ ಅವಲಂಬಿಸಿ ಬದಲಾಗುತ್ತದೆ. ರಾಳದ ವಿಷಯದಲ್ಲಿ ಕಾರ್ಖಾನೆಯ ತಂತ್ರಜ್ಞ ಶೇಕಡಾ ಎಂಟರಿಂದ ಹನ್ನೆರಡರಷ್ಟು ರಾಳವೆಂದು ತೂಗಿ ಹಾಕುತ್ತಾನೆ. ಇಲ್ಲಿ ಅಂಟಿನ ಪ್ರಮಾಣವೇ ಬೆಳೆಯುವ ಸಂಗತಿ, ಹಲಗೆಯ ನಡುಭಾಗದಲ್ಲಿ ಎಷ್ಟು ಬೆಳೆದಿದೆ ಎಂಬುದು ಹೊರಗಿನಿಂದ ಕಾಣಿಸುವುದೂ ಇಲ್ಲ. ಆಮ್ಲಜನಕ ಒಳಗೆ ತಲುಪದ ದಪ್ಪ ಅಚ್ಚುಗಳಲ್ಲಿ ಹೊರಮೈ ಬಿಳಿಯ ಚರ್ಮದಂತೆ ದಟ್ಟವಾಗಿದ್ದು ಒಡಲು ಸಡಿಲವಾಗಿಯೇ ಉಳಿಯುವುದುಂಟು.

ಯಾವ ಶಿಲೀಂಧ್ರವನ್ನು ಆರಿಸಿದರು ಎಂಬುದೂ ಅಷ್ಟೇ ಮುಖ್ಯ. ಕಂದು ಕೊಳೆ ತರುವ ಶಿಲೀಂಧ್ರಗಳು ಮರದ ಬಲಕ್ಕೆ ಆಧಾರವಾದ ಸೆಲ್ಯುಲೋಸಿನ ಸರಪಣಿಗಳನ್ನು ಆರಂಭದಲ್ಲೇ ತುಂಡರಿಸುತ್ತವೆ. ತೂಕದಲ್ಲಿ ನಷ್ಟ ಕಾಣಿಸುವ ಮೊದಲೇ ಮರ ಪೊಳ್ಳಾಗಿರುತ್ತದೆ. ಬಿಳಿ ಕೊಳೆಯ ಶಿಲೀಂಧ್ರಗಳು ಮರದ ನಾರುಗಳನ್ನು ಒಟ್ಟಿಗೆ ಹಿಡಿದಿಡುವ ಲಿಗ್ನಿನ್ನನ್ನೂ ಕರಗಿಸಬಲ್ಲವು, ಅವುಗಳಲ್ಲಿ ಕೆಲವು ಸೆಲ್ಯುಲೋಸನ್ನು ಬಹುಮಟ್ಟಿಗೆ ಬಿಟ್ಟು ಲಿಗ್ನಿನ್ನಿಗೇ ಮೊದಲು ಕೈಹಾಕುತ್ತವೆ. ಹಲಗೆಯ ಪ್ರಯೋಗಗಳಲ್ಲಿ ಟ್ರಾಮೆಟಿಸ್, ಗ್ಯಾನೋಡರ್ಮ ಮತ್ತು ಚಿಪ್ಪಣಬೆಯ ತಳಿಗಳು ಹೆಚ್ಚಾಗಿ ಕಾಣುವುದಕ್ಕೆ ಇದು ಒಂದು ಕಾರಣ. ಇವುಗಳಲ್ಲೂ ವ್ಯತ್ಯಾಸವಿದೆ. ಚಿಪ್ಪಣಬೆ ಬೇಗ ಬೆಳೆಯುತ್ತದೆ, ಆದರೆ ಅದರಲ್ಲಿ ಇರುವುದು ಒಂದೇ ಬಗೆಯ ತೆಳುಗೋಡೆಯ ಎಳೆ. ಟ್ರಾಮೆಟಿಸ್ ಮತ್ತು ಗ್ಯಾನೋಡರ್ಮಗಳಲ್ಲಿ ಬೆಳೆಯುವ ಎಳೆಗಳ ಜೊತೆಗೆ ದಪ್ಪಗೋಡೆಯ ಆಧಾರದ ಎಳೆಗಳೂ, ಇವೆರಡನ್ನು ಸುತ್ತಿ ಬಿಗಿಯುವ ಎಳೆಗಳೂ ಇರುತ್ತವೆ. ಬಲ ಬೇಕಾದ ಕಡೆ ಎರಡನೆಯ ಗುಂಪಿನತ್ತ ಸಂಶೋಧಕರು ವಾಲುವುದು ಸಹಜ. ಕೇವಲ ಅಣಬೆ ಎಂದು ಬರೆದು ಮುಂದೆ ಸಾಗುವ ವರದಿ, ಮರದ ಹಲಗೆಯ ಬಗ್ಗೆ ಬರೆಯುತ್ತಾ ಅದು ತೇಗವೋ ಬೂರುಗವೋ ಎಂದು ಹೇಳದೇ ಇರುವ ವರದಿಯಷ್ಟೇ ಅಪೂರ್ಣ.

ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ಅಣಬೆಯಿಂದ ತಯಾರಾದವೆಂದು ಚಿತ್ರಗಳಲ್ಲಿ ಕಾಣುವ ಬಹುತೇಕ ವಸ್ತುಗಳು ಹಲಗೆಗಳೇ ಅಲ್ಲ, ಅವು ಬೆಂಡಿನಂತಹ ಹಗುರ ಪದಾರ್ಥ. ಅಮೆರಿಕದಲ್ಲಿ 2007ರಲ್ಲಿ ಸ್ಥಾಪನೆಯಾದ ಇಕೋವೇಟಿವ್ ಸಂಸ್ಥೆ ಹೆಸರಾದದ್ದು ಥರ್ಮೋಕೋಲಿಗೆ ಬದಲಿಯಾದ ಪ್ಯಾಕಿಂಗ್ ಸಾಮಗ್ರಿಯಿಂದ. 2014ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪಿ.ಎಸ್. 1 ಅಂಗಳದಲ್ಲಿ ಸುಮಾರು 10,000 ಅಣಬೆ ಇಟ್ಟಿಗೆಗಳ ಗೋಪುರವೊಂದು ಎದ್ದು, ಬೇಸಿಗೆ ಮುಗಿದ ಮೇಲೆ ಗೊಬ್ಬರವಾಯಿತು. 2017ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೈಕೋಟ್ರೀ ಎಂಬ ಕವಲುಕವಲಾದ ರಚನೆ ಪ್ರದರ್ಶನಗೊಂಡಿತು. ಅದರಲ್ಲಿ ಭಾರವೆಲ್ಲ ಅದುಮುವ ಬಲವಾಗಿ ಮಾತ್ರ ಇಳಿಯುವಂತೆ ಆಕಾರವನ್ನೇ ಲೆಕ್ಕಹಾಕಿ ರೂಪಿಸಲಾಗಿತ್ತು, ಏಕೆಂದರೆ ಎಳೆತವನ್ನೂ ಬಾಗುವಿಕೆಯನ್ನೂ ಈ ಪದಾರ್ಥ ತಾಳುವುದಿಲ್ಲವೆಂದು ವಿನ್ಯಾಸಕಾರರು ಬಲ್ಲವರಾಗಿದ್ದರು. ಇವೆಲ್ಲ ಮೆಚ್ಚಬೇಕಾದ ಕೆಲಸಗಳೇ. ಆದರೆ ಕಪಾಟಿನ ಅಡ್ಡಹಲಗೆ ಮಾಡಬೇಕಾದ ಕೆಲಸ ಬಾಗದೇ ನಿಲ್ಲುವುದು. ಗೋಪುರದ ಚಿತ್ರ ಹಾಕಿ ಅಡ್ಡಹಲಗೆಯ ಭರವಸೆ ಕೊಡುವುದು ಎರಡು ಬೇರೆ ಪದಾರ್ಥಗಳನ್ನು ಒಂದೆಂದು ತಿಳಿದದ್ದರ ಫಲ.

ಅಂಕಿಗಳನ್ನು ನೋಡಿದರೆ ಅಂತರ ಸ್ಪಷ್ಟವಾಗುತ್ತದೆ. ಒಳಾಂಗಣದ ಪೀಠೋಪಕರಣಕ್ಕೆ ಬಳಸುವ ಪಾರ್ಟಿಕಲ್ ಬೋರ್ಡಿಗೆ ಯುರೋಪಿನ ಮಾನದಂಡವು, 13ರಿಂದ 20 ಮಿಲಿಮೀಟರ್ ದಪ್ಪಕ್ಕೆ, 11 ಮೆಗಾಪಾಸ್ಕಲ್ ಬಾಗುಬಲವನ್ನೂ (ಬಾಗಿಸಿದಾಗ ಮುರಿಯದೆ ತಾಳುವ ಬಲ) 1,600 ಮೆಗಾಪಾಸ್ಕಲ್ ಬಿಗಿತವನ್ನೂ (ಬಾಗದಂತೆ ಒಡ್ಡುವ ಪ್ರತಿರೋಧ) ಕೇಳುತ್ತದೆ. ಹಲಗೆಯ ಎರಡು ಮುಖಗಳನ್ನು ಎದುರುಬದುರಾಗಿ ಎಳೆದಾಗ ಒಡಲು ಸೀಳದೆ ತಾಳಬೇಕಾದ ಬಲ 0.35 ಮೆಗಾಪಾಸ್ಕಲ್. ಅಚ್ಚಿನಲ್ಲಿ ಬೆಳೆದು ಒಣಗಿದ ಕವಕ ಪದಾರ್ಥದ ಬಿಗಿತ ಕೆಲವೇ ಮೆಗಾಪಾಸ್ಕಲ್. 2019ರಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಟ್ರಾಮೆಟಿಸ್ ಮತ್ತು ಚಿಪ್ಪಣಬೆಯಿಂದ ಬೆಳೆಸಿದ ಮಾದರಿಗಳನ್ನು ಬಿಸಿಯಲ್ಲಿ ಒತ್ತಿದಾಗ ಅವುಗಳ ಗುಣ ಹಲವು ಪಟ್ಟು ಸುಧಾರಿಸಿತಾದರೂ ಬಿಗಿತ ನೂರು ಮೆಗಾಪಾಸ್ಕಲಿನ ಒಳಗೇ ಉಳಿಯಿತು. ಆ ಮಾದರಿಗಳ ಸಾಂದ್ರತೆ ಘನ ಮೀಟರಿಗೆ 400 ಕಿಲೋಗ್ರಾಂ ದಾಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಾರ್ಟಿಕಲ್ ಬೋರ್ಡಿನ ಸಾಂದ್ರತೆ ಸಾಮಾನ್ಯವಾಗಿ 600ರಿಂದ 700. ಅಂದರೆ ಹೋಲಿಕೆ ಸಮಾನರ ನಡುವಿನದಲ್ಲ. ಹಲಗೆಯಾಗಬೇಕಾದರೆ ಬೆಳೆದ ಪದಾರ್ಥವನ್ನು ಇನ್ನಷ್ಟು ಬಿಸಿಯಲ್ಲಿ, ಇನ್ನಷ್ಟು ಒತ್ತಡದಲ್ಲಿ ಹಲಗೆಯ ಸಾಂದ್ರತೆಗೆ ತರಲೇಬೇಕು, ಮತ್ತು ಭರವಸೆ ನಿಜವಾಗಿ ಇರುವುದು ಆ ದಾರಿಯಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಆ ದಾರಿಯಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಮರವನ್ನು ಸಾಕಷ್ಟು ಬಿಸಿಯಲ್ಲಿ, ತೇವದಲ್ಲಿ, ಒತ್ತಡದಲ್ಲಿ ಹಿಡಿದರೆ ಯಾವ ಅಂಟೂ ಇಲ್ಲದೆಯೇ ಅದು ತನ್ನಷ್ಟಕ್ಕೆ ಬೆಸೆದುಕೊಳ್ಳುತ್ತದೆ. ಇದು ಹೊಸ ಸಂಗತಿಯಲ್ಲ. ಅಮೆರಿಕದ ವಿಲಿಯಂ ಮೇಸನ್ 1924ರಲ್ಲಿ, ಚಕ್ಕೆಗಳನ್ನು ಅಧಿಕ ಒತ್ತಡದ ಆವಿಯಲ್ಲಿ ಬೇಯಿಸಿ ಒಮ್ಮೆಲೇ ಹೊರಬಿಟ್ಟು ನಾರಾಗಿ ಸಿಡಿಸಿ, ಆ ನಾರನ್ನು ಬಿಸಿಯಲ್ಲಿ ಒತ್ತಿ ಗಟ್ಟಿಹಲಗೆ ತಯಾರಿಸಿದ. ಮೇಸನೈಟ್ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ಮಾರಾಟವಾಯಿತು. ಅದರಲ್ಲಿ ಮರದ ಸ್ವಂತ ಲಿಗ್ನಿನ್ನೇ ಮೆದುವಾಗಿ ಹರಿದು ಬಂಧಕವಾಗಿ ಕೆಲಸ ಮಾಡಿತ್ತು. ಹೀಗಿರುವಾಗ ಕವಕಜಾಲ ಹಬ್ಬಿದ ಹುಡಿಯನ್ನು 200 ಡಿಗ್ರಿ ಆಸುಪಾಸಿನಲ್ಲಿ ಒತ್ತಿ ಗಟ್ಟಿಯಾದ ಹಲಗೆ ಬಂತೆಂದರೆ ಅದರ ಕೀರ್ತಿ ಅಣಬೆಗೆ ಸಲ್ಲಬೇಕೋ, ಪ್ರೆಸ್ಸಿಗೆ ಸಲ್ಲಬೇಕೋ? ಉತ್ತರ ತಿಳಿಯಲು ಒಂದೇ ಉಪಾಯ: ಅದೇ ಹುಡಿ, ಅದೇ ತೇವಾಂಶ, ಅದೇ ಆವಿ, ಅದೇ ಪ್ರೆಸ್, ಆದರೆ ಶಿಲೀಂಧ್ರ ಮಾತ್ರ ಇಲ್ಲದ ಇನ್ನೊಂದು ಹಲಗೆಯನ್ನು ಪಕ್ಕದಲ್ಲಿ ತಯಾರಿಸಿ ಎರಡನ್ನೂ ಮುರಿದು ನೋಡುವುದು. ಅಂತಹ ಜೋಡಿ ಇಲ್ಲದ ಪ್ರಯೋಗದ ಅಂಕಿ ಎಷ್ಟೇ ಆಕರ್ಷಕವಾಗಿದ್ದರೂ ಅದರಿಂದ ಅಂಟಿನ ಬಗ್ಗೆ ಏನೂ ತಿಳಿಯುವುದಿಲ್ಲ. ವರದಿಗಾರರು ಸಂಶೋಧಕರನ್ನು ಭೇಟಿಯಾದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ಸೂಚಿಸಲು ಬಯಸುತ್ತೇನೆ.

ಶಿಲೀಂಧ್ರ ನಿಜವಾಗಿಯೂ ಏನನ್ನೋ ಸೇರಿಸುತ್ತದೆ ಎಂದು ನಂಬಲು ಕಾರಣಗಳಿವೆ. ಬಿಳಿ ಕೊಳೆಯ ಶಿಲೀಂಧ್ರಗಳ ಲ್ಯಾಕೇಸ್ ಕಿಣ್ವವು ಮರದ ಮೇಲ್ಮೈಯ ಲಿಗ್ನಿನ್ನನ್ನು ಉತ್ಕರ್ಷಿಸಿ ಕ್ರಿಯಾಶೀಲವಾಗಿಸುತ್ತದೆ. ಹಾಗೆ ಎಚ್ಚೆತ್ತ ಲಿಗ್ನಿನ್ ಒತ್ತಡದಲ್ಲಿ ಪಕ್ಕದ ಕಣದ ಲಿಗ್ನಿನ್ನಿನೊಂದಿಗೆ ಹೊಸ ಬಂಧ ಕಟ್ಟಬಲ್ಲದು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲೇ ಈ ಕಿಣ್ವವನ್ನು ಮಾತ್ರ ಬಳಸಿ, ಶಿಲೀಂಧ್ರವನ್ನು ಬೆಳೆಸದೆಯೇ, ನಾರಿನ ಹಲಗೆಗಳನ್ನು ತಯಾರಿಸಿದ್ದರು. ಇದರ ಜೊತೆಗೆ ಎಳೆಗಳ ಪ್ರೋಟೀನುಗಳು ಶಾಖದಲ್ಲಿ ತಮ್ಮ ಮಡಿಕೆ ಬಿಚ್ಚಿ ಅಂಟಿಕೊಳ್ಳುತ್ತವೆ. ಅಮೆರಿಕದ ಮೇನ್ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ಮರದ ಕಣ, ಕವಕಜಾಲ ಮತ್ತು ಅತಿಸೂಕ್ಷ್ಮ ಸೆಲ್ಯುಲೋಸ್ ನಾರು ಈ ಮೂರನ್ನೂ ಸೇರಿಸಿ, ಪೂರ್ತಿಯಾಗಿ ಜೈವಿಕ ಮೂಲದ ಹಲಗೆಯನ್ನು ಬಿಸಿಯಲ್ಲಿ ಒತ್ತಿ ಪರೀಕ್ಷಿಸಿತು. ಸ್ವಲ್ಪವೇ ಸೆಲ್ಯುಲೋಸ್ ನಾರು ಸೇರಿದಾಗ ಬಲ ಹೆಚ್ಚಿತು. ಇದನ್ನು ಕೆಲವರು ಕವಕಜಾಲದ ಸೋಲೆಂದು ಓದಬಹುದು, ನಾನು ಹಾಗೆ ಓದುವುದಿಲ್ಲ. ಕವಕಜಾಲ ಒಂಟಿಯಾಗಿ ಎಲ್ಲವನ್ನೂ ಹೊರಬೇಕೆಂಬ ಹಟ ಬಿಟ್ಟು ಬೇರೆ ನಿರಪಾಯಕಾರಿ ಬಂಧಕಗಳ ಜೊತೆಗಾರನಾಗಿ ಅದನ್ನು ಕಂಡರೆ ದಾರಿ ಸುಗಮವಾಗುತ್ತದೆ.

ಕಾಲದ ಲೆಕ್ಕ ಇನ್ನೊಂದು ತೊಡಕು. ರಾಳದ ಹಲಗೆ ಪ್ರೆಸ್ಸಿನಿಂದ ಕೆಲವು ನಿಮಿಷಗಳಲ್ಲಿ ಹೊರಬೀಳುತ್ತದೆ. ಕವಕಜಾಲಕ್ಕೆ ವಾರಗಳು ಬೇಕು. ನಿಧಾನವೆಂಬುದು ತಾನಾಗಿ ದೋಷವಲ್ಲ, ಆದರೆ ವಾರಗಟ್ಟಲೆ ಬೆಳೆಯುವ ಸರಕಿಗೆ ಅಷ್ಟು ಜಾಗ ಬೇಕು, ಆ ಜಾಗದಲ್ಲಿ ಶಾಖ, ತೇವ, ಶುಚಿತ್ವ ಕಾಯ್ದುಕೊಳ್ಳಬೇಕು, ಬೆಳೆದ ಮೇಲೆ ಅರ್ಧಕ್ಕಿಂತ ಹೆಚ್ಚು ನೀರಿರುವ ಪದಾರ್ಥವನ್ನು ಒಣಗಿಸಬೇಕು. ಆವಿ ಹಾಯಿಸುವುದಕ್ಕೂ ಒಣಗಿಸುವುದಕ್ಕೂ ಆಗುವ ಇಂಧನ ಪರಿಸರಸ್ನೇಹಿ ಲೆಕ್ಕದಲ್ಲಿ ಸೇರಲೇಬೇಕು. ಹಸಿರು ಬೂಷ್ಟಾದ ಟ್ರೈಕೋಡರ್ಮ ಒಮ್ಮೆ ಒಳಹೊಕ್ಕರೆ ಬೆಳೆಯಲು ಇಟ್ಟ ಇಡೀ ಸರಕನ್ನೇ ಕೈಬಿಡಬೇಕಾದೀತು ಎಂಬುದನ್ನು ಅಣಬೆ ಬೆಳೆಗಾರರೆಲ್ಲ ಬಲ್ಲರು. ಕಾಗದ ಉದ್ಯಮದ ಅನುಭವ ಇಲ್ಲಿ ಪಾಠವಾಗಬಲ್ಲದು. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯವು 1980ರ ದಶಕದ ಕೊನೆಯಿಂದ ಮರದ ಚಕ್ಕೆಗಳನ್ನು ಸುಮಾರು ಎರಡು ವಾರ ಬಿಳಿ ಕೊಳೆಯ ಶಿಲೀಂಧ್ರಕ್ಕೆ ಒಡ್ಡಿ, ಬಳಿಕ ಅರೆಯಲು ತಗಲುವ ವಿದ್ಯುತ್ತನ್ನು ಗಣನೀಯವಾಗಿ ಉಳಿಸಬಹುದೆಂದು ತೋರಿಸಿತು. ಟನ್‌ಗಟ್ಟಲೆ ಚಕ್ಕೆಯ ರಾಶಿಗಳಲ್ಲಿಯೂ ಅದನ್ನು ಮಾಡಿ ತೋರಿಸಿತು. ಆದರೂ ಕಾಗದದ ಗಿರಣಿಗಳು ಆ ವಿಧಾನವನ್ನು ವ್ಯಾಪಕವಾಗಿ ಅಪ್ಪಿಕೊಳ್ಳಲಿಲ್ಲ. ಪ್ರಯೋಗಾಲಯದ ಯಶಸ್ಸಿಗೂ ಗಿರಣಿಯ ದಿನಚರಿಗೂ ನಡುವೆ ನಿಲ್ಲುವುದು ಬಹಳ ಸಲ ಈ ಎರಡು ವಾರಗಳೇ.

ನೀರಿನ ವಿಷಯದಲ್ಲಿಯೂ ಮಾತು ಬಿಗಿಯಾಗಿರಬೇಕು. ಹೊರಚರ್ಮದ ಎಳೆಗಳು ನೀರನ್ನು ಉರುಳಿಸಿಬಿಡುವ ವಿಡಿಯೋಗಳನ್ನು ನೋಡಿ ಹಲಗೆಯೇ ನೀರುನಿರೋಧಕವೆಂದು ತಿಳಿಯಬಾರದು. ಅದನ್ನು ಕತ್ತರಿಸಿದ ಅಂಚಿನಲ್ಲಿ ತೆರೆದ ಮರದ ಕಣಗಳಿರುತ್ತವೆ; ನೀರಿನಲ್ಲಿ ಮುಳುಗಿಸಿದರೆ ಹಗುರ ಕವಕ ಪದಾರ್ಥ ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲದು. ಒಳಗಿನ ಶಿಲೀಂಧ್ರ ಸತ್ತಿದ್ದರೂ, ಒದ್ದೆಯಾದ ಹಲಗೆಯ ಮೇಲೆ ಹೊರಗಿನಿಂದ ಬಂದ ಬೂಷ್ಟು ಬೆಳೆಯಲು ಅಡ್ಡಿಯಿಲ್ಲ. ಬೆಂಕಿಯ ವಿಷಯದಲ್ಲಿ ಮಾತ್ರ ಸುದ್ದಿ ಒಳ್ಳೆಯದು: ಆಸ್ಟ್ರೇಲಿಯಾದ ಆರ್.ಎಂ.ಐ.ಟಿ. ವಿಶ್ವವಿದ್ಯಾಲಯದ ಅಧ್ಯಯನಗಳಲ್ಲಿ ಕವಕ ಪದಾರ್ಥಗಳು ಥರ್ಮೋಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನಿಗಿಂತ ನಿಧಾನವಾಗಿ, ಕಡಿಮೆ ಶಾಖ ಬಿಡುತ್ತಾ ಉರಿದವು, ಸಿಲಿಕಾ ಹೆಚ್ಚಿರುವ ಭತ್ತದ ಹೊಟ್ಟು ಸೇರಿದಾಗ ಇನ್ನೂ ಚೆನ್ನಾಗಿ ತಡೆದವು.

ವಿಷವಿಲ್ಲದ ಅಂಟೆಂಬ ಹೊಗಳಿಕೆ ಹಲಗೆಯನ್ನು ಕೊಂಡವರಿಗೆ ಮಾತ್ರವಲ್ಲ, ತಯಾರಿಸುವ ಕೆಲಸಗಾರರಿಗೂ ಅನ್ವಯವಾಗಬೇಕು. ಫಾರ್ಮಾಲ್ಡಿಹೈಡ್ ಬೇಡವೆಂದು ಕೆಲವು ಕಾರ್ಖಾನೆಗಳು ಬಳಸುವ ಐಸೋಸಯನೇಟ್ ಅಂಟು ಸಿದ್ಧ ಹಲಗೆಯಲ್ಲಿ ನಿರುಪದ್ರವಿ, ಆದರೆ ಗಟ್ಟಿಯಾಗುವ ಮೊದಲು ಅದನ್ನು ಉಸಿರಾಡಿದ ಕೆಲಸಗಾರನಿಗೆ ಆಸ್ತಮಾ ತರಬಲ್ಲದು. ಅಣಬೆಯ ಮನೆಯಲ್ಲಿ ಅಪಾಯದ ಬಗೆ ಬೇರೆ: ಚಿಪ್ಪಣಬೆ ಬೆಳೆಯುವವರಲ್ಲಿ ಬೀಜಕಗಳನ್ನು ಉಸಿರಾಡಿ ಬರುವ ಶ್ವಾಸಕೋಶದ ಅಲರ್ಜಿ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಹಲಗೆಗೆ ಬೆಳೆಸುವ ಕವಕಜಾಲವನ್ನು ಅಣಬೆ ಕೊಡೆಬಿಚ್ಚುವ ಮೊದಲೇ ಕೊಲ್ಲುವುದರಿಂದ ಬೀಜಕಗಳ ಪ್ರಶ್ನೆ ಬಹುಮಟ್ಟಿಗೆ ಏಳುವುದಿಲ್ಲ. ಆದರೂ ಒಣ ಹಲಗೆಯನ್ನು ಕೊಯ್ಯುವಾಗ, ಉಜ್ಜುವಾಗ ಏಳುವ ಧೂಳಿನಲ್ಲಿ ಮರದ ಹುಡಿಯೂ ಶಿಲೀಂಧ್ರದ ಪ್ರೋಟೀನೂ ಇರುತ್ತವೆ. ಮುಖಗವಸು, ಧೂಳು ಹೀರುವ ಯಂತ್ರ ಇಲ್ಲಿಯೂ ಬೇಕು.

ಜೈವಿಕ ಅಂಟು ಎಂಬುದೇ ಇಪ್ಪತ್ತೊಂದನೆಯ ಶತಮಾನದ ಆವಿಷ್ಕಾರವೆಂಬಂತೆ ಬರೆಯುವವರಿಗೆ ಇನ್ನೊಂದು ಸಂಗತಿ ನೆನಪಿಸಬೇಕಾಗಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ಲೈವುಡ್ಡನ್ನು ಬೆಸೆಯುತ್ತಿದ್ದುದೇ ಹಾಲಿನ ಕೇಸೀನ್, ಪ್ರಾಣಿಗಳ ರಕ್ತ ಮತ್ತು ಸೋಯಾ ಹಿಟ್ಟಿನ ಅಂಟುಗಳು. ಅವು ನೀರಿಗೆ ಸೋತವು, ಬೂಷ್ಟು ಹಿಡಿದವು. ಎರಡನೇ ಮಹಾಯುದ್ಧದ ನಂತರ ಪೆಟ್ರೋಲಿಯಂ ಮೂಲದ ರಾಳಗಳು ಅಗ್ಗವಾಗಿ ಆ ಸ್ಥಾನವನ್ನು ಕಸಿದುಕೊಂಡವು. ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧನೆಯೊಂದು, ಕಡಲ ಬಂಡೆಗಳಿಗೆ ಅಂಟಿಕೊಳ್ಳುವ ಮಸೆಲ್ ಚಿಪ್ಪುಜೀವಿಯ ಪ್ರೋಟೀನಿನಿಂದ ಪ್ರೇರಣೆ ಪಡೆದು, ಸೋಯಾ ಅಂಟನ್ನು ನೀರು ತಾಳುವಂತೆ ಬದಲಿಸಿತು. 2005ರಿಂದ ಅಮೆರಿಕದ ಕೊಲಂಬಿಯಾ ಫಾರೆಸ್ಟ್ ಪ್ರಾಡಕ್ಟ್ಸ್ ಸಂಸ್ಥೆ ತನ್ನ ಪ್ಲೈವುಡ್ಡಿನಲ್ಲಿ ಆ ಅಂಟನ್ನು ವಾಣಿಜ್ಯ ಪ್ರಮಾಣದಲ್ಲಿ ಬಳಸುತ್ತಿದೆ. ಇದ್ದ ಪ್ರೆಸ್ಸುಗಳಲ್ಲಿಯೇ, ಇದ್ದ ವೇಗದ ಹತ್ತಿರದಲ್ಲಿಯೇ ಅದು ಕೆಲಸ ಮಾಡಿದ್ದರಿಂದ ಗೆದ್ದಿತು. ಕವಕಜಾಲದ ಅಂಟಿಗೆ ಎದುರಾಳಿ ಫಾರ್ಮಾಲ್ಡಿಹೈಡ್ ಒಂದೇ ಅಲ್ಲ, ಈಗಾಗಲೇ ಮಾರುಕಟ್ಟೆಯಲ್ಲಿರುವ ಈ ಬಗೆಯ ಅಂಟುಗಳೂ ಹೌದು.

ಹಾಗಾದರೆ ಅಣಬೆ ಹಲಗೆಗೆ ಸಲ್ಲುವ ಜಾಗ ಯಾವುದು? ಇಂದಿನ ಸ್ಥಿತಿಯಲ್ಲಿ ಭಾರ ಹೊರದ, ಒಣಗಿರುವ, ದೇಹದ ಹತ್ತಿರ ಇರುವ ಭಾಗಗಳೆಂದು ನಾನು ಭಾವಿಸುತ್ತೇನೆ: ಸದ್ದು ಹೀರುವ ಗೋಡೆಫಲಕ, ಟೊಳ್ಳು ಬಾಗಿಲಿನ ತಿರುಳು, ಕುರ್ಚಿಯ ಬೆನ್ನಿನ ಒಳಭಾಗ, ಮಕ್ಕಳ ಕೋಣೆಯ ಕಪಾಟಿನ ಹಿಂಬದಿ. ಇಟಲಿಯ ಮೊಗು ಸಂಸ್ಥೆ ಸದ್ದು ಹೀರುವ ಫಲಕಗಳನ್ನೇ ಆರಿಸಿಕೊಂಡದ್ದು ವಿವೇಕದ ನಡೆ. ಎರಡು ತೆಳು ಮರದ ಹಾಳೆಗಳ ನಡುವೆ ಕವಕಜಾಲವನ್ನು ಬೆಳೆಸುವ ಪ್ರಯೋಗಗಳು ನನಗೆ ಇನ್ನೂ ಹೆಚ್ಚು ಆಸಕ್ತಿದಾಯಕವಾಗಿ ಕಾಣುತ್ತವೆ. ಬಾಗುವಿಕೆಯ ಹೊರೆಯನ್ನು ಹೊರಗಿನ ಹಾಳೆಗಳು ಹೊರುತ್ತವೆ, ಎಳೆಗಳು ಹಾಳೆಯೊಳಕ್ಕೂ ಇಳಿದು ಹಿಡಿಯುವುದರಿಂದ ಅಲ್ಲಿ ಬೇರೆ ಅಂಟೇ ಬೇಡವಾಗಬಹುದು.

ಬಾಗುಬಲ, ಬಿಗಿತ, ಒಡಲು ಸೀಳುವ ಬಲ, 24 ಗಂಟೆ ನೀರಿನಲ್ಲಿಟ್ಟಾಗಿನ ಉಬ್ಬು, ಪರೀಕ್ಷಾ ಕೋಣೆಯಲ್ಲಿ ಅಳೆದ ಅನಿಲ, ಇವುಗಳ ಜೊತೆಗೆ ಶಿಲೀಂಧ್ರವಿಲ್ಲದ ಜೋಡಿ ಹಲಗೆಯ ಅದೇ ಅಂಕಿಗಳು: ಇಷ್ಟನ್ನು ತಮ್ಮ ಪತ್ರಿಕೆಯ ವಿಜ್ಞಾನ ಪುಟ ಇಂತಹ ಪ್ರತಿ ವರದಿಯಲ್ಲಿ ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಹಲಗೆಯ ಮೇಲ್ಮೈಗೆ ಏನನ್ನು ಹೊದಿಸಲಾಗಿದೆ ಎಂಬುದನ್ನೂ ದಯವಿಟ್ಟು ಕೇಳಿಸಿರಿ. ಪೀಠೋಪಕರಣಗಳ ಮೇಲೆ ಅಂಟಿಸುವ ಸಾಮಾನ್ಯ ಲ್ಯಾಮಿನೇಟ್ ಹಾಳೆ ಎಂದರೆ ಮೆಲಮಿನ್ ಫಾರ್ಮಾಲ್ಡಿಹೈಡ್ ರಾಳದಲ್ಲಿ ನೆನೆಸಿದ ಬಣ್ಣದ ಕಾಗದ, ಅದರ ಅಡಿಯಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಹೀರಿದ ಕಂದು ಕಾಗದದ ಪದರುಗಳು. ವಾರಗಟ್ಟಲೆ ಕಾದು ಅಣಬೆಯಿಂದ ಬೆಸೆದ ಹಲಗೆಯ ಎರಡೂ ಬದಿಗೆ ಇದನ್ನೇ ಅಂಟಿಸಿ ಮಾರುವುದಾದರೆ, ಅನಿಲದ ಅಳತೆಯನ್ನು ಬರಿಯ ಹಲಗೆಯ ಮೇಲಲ್ಲದೆ ಅಂಗಡಿಯಿಂದ ಹೊರಡುವ ಸಿದ್ಧ ಕಪಾಟಿನ ಮೇಲೆಯೇ ಮಾಡಬೇಕಾಗುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ